ಕಗ್ಗದ ಹುಲ್ಲಿಗೆ ಕಟ್ಟಿದ ಉಂಗುರ

ನಮ್ಮ ಅಂಕೋಲೆಯ ಕಡೆ ಗಜನಿ ಎಂದರೆ ಹೊಳೆಯ ದಂಡೆಯ ಉಪ್ಪುಮಣ್ಣಿನ ತಗ್ಗುಗದ್ದೆ. ಅಲ್ಲಿ ಬೆಳೆಯುವುದು ಕಗ್ಗ ಎಂಬ ಎತ್ತರದ ಭತ್ತ. ನೀರಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ದು, ಹುಲ್ಲನ್ನು ನಿಂತಲ್ಲೇ ಬಿಡುತ್ತಿದ್ದೆವು. ಕೊಯ್ಲು ಮುಗಿದು ಅಮಾವಾಸ್ಯೆಯ ದೊಡ್ಡ ಭರತ, ಎಂದರೆ ಕಡಲಿನ ಉಬ್ಬರ, ಬಂದಾಗ ಕಟ್ಟೆಯ ಬಾಗಿಲು ತೆಗೆದರೆ ಹೊಳೆ ಒಳಗೆ ನುಗ್ಗುತ್ತಿತ್ತು, ಅದರ ಬೆನ್ನಿಗೇ ಶೆಟ್ಲಿ ಎಂಬ ಸಿಗಡಿ, ಮೀನುಮರಿ. ಅಲ್ಲಿಂದ ಮುಂದಿನ ಮಳೆಯವರೆಗೆ ಅದು ಗದ್ದೆಯಲ್ಲ, ಹೊಳೆಯೇ.

ಊರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದು ಕೆಲವು ವರ್ಷಗಳಾಗಿದ್ದವು. ನನಗೆ ಹದಿನಾಲ್ಕೋ ಹದಿನೈದೋ. ಸದಾಶಿವಗಡದಿಂದ ಕಾಳಿ ಹೊಳೆ ದಾಟಿ ಬಂದ ಅಜ್ಜಿ, ಅವ್ವನ ತಾಯಿ, ತನ್ನ ನತ್ತನ್ನು ಕಾರವಾರದ ಅಕ್ಕಸಾಲಿಯ ಹತ್ತಿರ ಕರಗಿಸಿ ಮಾಡಿಸಿದ ಉಂಗುರವನ್ನು ನನ್ನ ಬೆರಳಿಗೆ ತೊಡಿಸಿದ್ದಳು. ಕೊಯ್ಲಿಗೆಂದು ನಮ್ಮಲ್ಲೇ ಉಳಿದಿದ್ದಳು.

ಉಪ್ಪುನೀರಿಗೆ ಬೆರಳು ಊದಿಕೊಂಡಿತು. ಉಟ್ಟದ್ದೆಲ್ಲ ಕೆಸರು, ಸೆರಗಿಗೆ ಕಟ್ಟಿದರೆ ಜಾರೀತು. ಸಂಜೆ ಕೆಲಸ ಬಿಡುವಾಗ ಎಲ್ಲಿಗೆ ನಿಲ್ಲಿಸಿದೆವೆಂದು ತಿಳಿಯಲು ಪ್ರತಿಯೊಬ್ಬಳೂ ಹಿಡಿ ಹುಲ್ಲು ಸೇರಿಸಿ ಗಂಟು ಹಾಕುವುದು ನಮ್ಮಲ್ಲಿ ರೂಢಿ. ನಾನು ಉಂಗುರವನ್ನು ಆ ಹುಲ್ಲಿಗೆ ಪೋಣಿಸಿ ಮೇಲೆ ಗಂಟು ಬಿಗಿದೆ. ಬೆಳಗಾದರೆ ಅಲ್ಲಿಗೇ ಬರುವವಳಲ್ಲವೆ! ಬೆಳಗಾದ ಮೇಲೆ ನಮ್ಮನ್ನು ಇನ್ನೊಂದು ಮೂಲೆಗೆ ಹಚ್ಚಿದರು. ಕೊಯ್ಲಿನ ಗಡಿಬಿಡಿಯಲ್ಲಿ ಉಂಗುರ ಮರೆತೇ ಹೋಯಿತು.

ನೆನಪಾದದ್ದು ಅಮಾವಾಸ್ಯೆಯ ಬೆಳಿಗ್ಗೆ, ಕಾಯಿ ತುರಿಯುತ್ತ ಬರಿಬೆರಳು ಕಂಡಾಗ. ಅವ್ವನಿಗೆ ಹೇಳಿದೆ. ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಅಜ್ಜಿಗೆ ಹೇಳ್ಬೇಡ ಮಾರಾಯ್ತಿ. ಬಾವಿಗೆ ಬಿತ್ತು ಅಂದ್ರಾಯ್ತು. ಬಾವಿಲಿದ್ರೆ ಮನೇಲೇ ಇದ್ದಂಗೆ."

"ಅಜ್ಜಿ ಬಾವಿ ಬತ್ಸೂಕೆ ಆಳು ಕರೀತದೆ ಅಷ್ಟೇ. ನಾ ಇದ್ದದ್ದೇ ಹೇಳ್ತೆ."

ಮಧ್ಯಾಹ್ನದ ಭರತಕ್ಕೆ ಕಟ್ಟೆಯ ಬಾಗಿಲು ತೆಗೆಯುವವರಿದ್ದರು. ಬಾವಿಯ ಸುಳ್ಳು ಹೇಳಿದರೆ ಗದ್ದೆಯಲ್ಲಿ ಹುಡುಕುವಂತಿಲ್ಲ. ಹುಡುಕದಿದ್ದರೆ ಉಂಗುರ ಹೊಳೆಗೆ. ಜಗಲಿಗೆ ಹೋದೆ. ಅಜ್ಜಿ ಬಿತ್ತದ ಭತ್ತ ಕೇರುತ್ತಿದ್ದಳು.

"ಅಜ್ಜಿ, ನೀ ಕೊಟ್ಟ ಉಂಗ್ರ ಕಳ್ದೆ. ಗಜನಿಲಿ ಹುಲ್ಲಿಗೆ ಕಟ್ಟಿಟ್ಟೆ, ಮರ್ತೆ."

ಮೊರ ನಿಂತಿತು. ಅವಳ ಬರಿಮೂಗನ್ನು ನಾನು ಅಂದಿನಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

"ಹುಲ್ಲಿಗಾ?" ಎಂದಳು. "ನಿನ್ ಬೆರಳಿಗಿಂತ ಹುಲ್ಲು ಗಟ್ಟಿ ಕಂಡ್ತನೆ?"

ಬೈದಿದ್ದರೆ ಅಳುತ್ತಿದ್ದೆ. ಬೈಯಲಿಲ್ಲ, ಕೋಲು ಹುಡುಕಿ ಎದ್ದಳು.

ಆ ವರ್ಷ ಕಟ್ಟೆಯ ಬಾಗಿಲು ನೋಡಿಕೊಳ್ಳುವ ಪಾಳಿ ಅಪ್ಪನದು. ಕಟ್ಟೆಯ ಮೇಲೆ ಊರವರು ಆಗಲೇ ಸೇರಿದ್ದರು. ಅಪ್ಪನನ್ನು ಬದಿಗೆ ಕರೆದು ಹೇಳಿದೆ. ಅವನು ಹೊಳೆಯ ನೀರು ಎಷ್ಟು ಏರಿದೆಯೆಂದು ನೋಡಿದ.

"ತಡೀರಿ ಅಂತ ನಾ ಕೇಳಿದ್ರೆ, ಪಾಳಿ ಹಿಡ್ದವ ತನ್ನ ಮನಿ ನೋಡ್ಕಂಡ ಅಂತಾರೆ. ಕೇಳೂದಿದ್ರೆ ನೀನೇ ಕೇಳು."

ಅಷ್ಟು ಗಂಡಸರ ಮುಂದೆ ನಾನು ಬಾಯಿಬಿಟ್ಟದ್ದು ಅದೇ ಮೊದಲು. ಹುಲ್ಲಿಗೆ ಉಂಗುರ ಕಟ್ಟಿದ್ದು, ಮರೆತದ್ದು ಎಲ್ಲ ಹೇಳಿ, ಬಾಗಿಲು ತೆಗೆಯಲು ತುಸು ತಡೆಯಿರೆಂದು ಕೇಳಿದೆ. ಕೇಳಿದವರು ನಕ್ಕರು.

"ಚಿನ್ನ ನೆಟ್ಟಿದ್ಯನೆ ಕೂಸೆ? ಮುಂದಿನ್ ವರ್ಷ ನಮ್ಗೂ ಒಂದ್ ಹಿಡಿ ಬಿತ್ತ ಕೊಡು!"

ನೆರೆಮನೆಯ ದೊಡ್ಡಮ್ಮನೊಬ್ಬಳೇ ನಗಲಿಲ್ಲ. "ಭರತ ಏರೂತನಕ ಹೆಂಗೂ ಕೂತಿರ್ಬೇಕು. ನನ್ ಗಂಟು ನಂಗೆ ಗುರ್ತು ಸಿಗ್ತದೆ, ನಾ ಎಡಗೈಯವಳು. ಎಲ್ರೂ ಅವರವರ ಗಂಟು ಬಿಚ್ರೇ, ಉಳ್ದದ್ದು ಇವಳದ್ದು!" ಎಂದು ಸೀರೆ ಎತ್ತಿ ಕಟ್ಟಿ ಇಳಿದೇಬಿಟ್ಟಳು.

ಹೆಂಗಸರೆಲ್ಲ ಇಳಿದರು, ಅವ್ವನೂ ಇಳಿದಳು. ಅಜ್ಜಿ ಕಟ್ಟೆಯ ಮೇಲೆ ನಿಂತು ಕೋಲು ತೋರಿಸುತ್ತಿದ್ದಳು. ಬಿಚ್ಚಿದ ಗಂಟುಗಳನ್ನು ದಾಟುತ್ತ ನಾನು ಉಳಿದದ್ದನ್ನೆಲ್ಲ ಮುಟ್ಟಿ ನೋಡಿದೆ. ನನ್ನ ಗಂಟುಗಳು ಸಿಕ್ಕವು, ಒಂದನ್ನುಳಿದು. ಅದಿದ್ದ ಕಡೆ, ಕಟ್ಟೆಯ ಬುಡದಲ್ಲೇ, ಹುಲ್ಲು ಕೊಳೆತು ಮಲಗಿತ್ತು. ಮಂಡಿಯೂರಿ ಆ ಕೆಸರನ್ನು ಹಿಡಿಹಿಡಿಯಾಗಿ ತೆಗೆದು ಬೆರಳಿನಿಂದ ಹಿಸುಕಿದೆ. ಬೇರು, ಚಿಪ್ಪು, ಒಂದು ಏಡಿ.

ಹೊರಗೆ ನೀರು ಬಾಗಿಲ ಹಲಗೆಯ ತುದಿ ಮುಟ್ಟಿತು. ಹೆಂಗಸರು ಒಬ್ಬೊಬ್ಬರಾಗಿ ಮೇಲೆ ಹತ್ತಿದರು.

"ಇನ್ನೊಂಚೂರು ತಡಿಯೂನು," ಎಂದ, ಆಗ ನಕ್ಕವರಲ್ಲೇ ಒಬ್ಬ.

ಭರತ ಇಳಿಯತೊಡಗಿದರೆ ಅದರ ಸಂಗಡ ಶೆಟ್ಲಿಯೂ ಹೊಳೆಗೆ ತಿರುಗುತ್ತದೆ. ಉಂಗುರ ನನ್ನದು, ಶೆಟ್ಲಿ ಊರಿನದು. ನಾನು ಎದ್ದು ನಿಂತೆ.

"ಅಪ್ಪಾ, ತೆಗಿ."

ಅಪ್ಪ ಅಜ್ಜಿಯ ಮುಖ ನೋಡಿದ. "ನನ್ನೆಂತಕ್ ನೋಡ್ತೆ?" ಎಂದಳು ಅಜ್ಜಿ. "ಉಂಗ್ರ ಈ ಕೂಸಿಂದು. ತೆಗಿ ಅಂತು, ತೆಗಿ."

ಹಲಗೆ ಎದ್ದಿತು. ನೀರು ಸದ್ದುಮಾಡುತ್ತ ಬಂದು ಮಲಗಿದ ಹುಲ್ಲನ್ನು ಎತ್ತಿತು, ನಾನು ತೋಡಿದ ಗುಂಡಿಗಳನ್ನು ತುಂಬಿತು, ನನ್ನ ಮೊಣಕಾಲಿಗೂ ಬಂತು. ನಾನಿನ್ನೂ ಅಲ್ಲೇ ನಿಂತಿದ್ದೆ. ಮೇಲಿನಿಂದ ಅಜ್ಜಿ ಬಗ್ಗಿ, ಕೆಸರು ಮೆತ್ತಿದ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಎಳೆದಳು.

"ಹತ್ತೇ ಮೇಲೆ. ಉಂಗ್ರದ ಹಿಂದೆ ನೀನೂ ಹೋಗೂದು ಬೇಡ."