ಒರಸಪ್ಪನ ಹೇಸಿಗೆ

ಕನ್ನಡಿ ಅಂಗಡಿಯವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಆ ಹೆಸರು ಹಿಡಿದು ಕರೆಯುವವರು ಮಾತ್ರ ಯಾರೂ ಉಳಿದಿರಲಿಲ್ಲ. ಬೀದಿಗೆಲ್ಲ ಅವನು ಒರಸಪ್ಪ. ಕೂರುವ ಮೊದಲು ಕುರ್ಚಿ ಒರೆಸುತ್ತಿದ್ದ, ಕುಡಿಯುವ ಮೊದಲು ಲೋಟದ ಅಂಚು ಒರೆಸುತ್ತಿದ್ದ, ಯಾರಾದರೂ ಕೈ ಕುಲುಕಿದರೆ ಅವರು ತಿರುವಿನಲ್ಲಿ ಮರೆಯಾಗುವ ತನಕ ಕಾದಿದ್ದು ಅಂಗೈ ಒರೆಸುತ್ತಿದ್ದ. ಗಾಜು ಕತ್ತರಿಸುವ, ಕನ್ನಡಿಗೆ ಚೌಕಟ್ಟು ಕೂರಿಸುವ ಕೆಲಸಕ್ಕೆ ಈ ಗುಣ ಹೇಳಿ ಮಾಡಿಸಿದಂತಿತ್ತು. ಹಳೇ ಪೇಪರಿನ ಉಂಡೆಗೆ ಒಂದಿಷ್ಟು ಸ್ಪಿರಿಟ್ ತಗುಲಿಸಿ ಅವನು ಉಜ್ಜಿದನೆಂದರೆ ಅಲ್ಲಿ ಗಾಜು ಇದೆಯೋ ಇಲ್ಲವೋ ಎಂದು ಅನುಮಾನವಾಗಬೇಕು. ಗಿರಾಕಿ ಮುಂದೆ ಬಂದು ಅದರ ಮೇಲೆ ಬೆರಳಿಟ್ಟು "ಭಾರೀ ಚೆನ್ನಾಗಿದೆ" ಎಂದನೋ, ಒರಸಪ್ಪನ ಮುಖ ಹುಳಿ ತಿಂದಂತಾಗುತ್ತಿತ್ತು. ಆ ಬೆರಳ ಗುರುತು ಅವನಿಗೆ ಕೀವು ಕಟ್ಟಿದ ಹುಣ್ಣಿನಂತೆ ಕಾಣುತ್ತಿತ್ತು.

ಇಂಥವನು ನಲವತ್ತು ದಾಟಿದ ಮೇಲೆ ಮದುವೆಯಾದ. ಹೆಂಡತಿ ಬಸ್ ಕಂಡಕ್ಟರ್. ಬೆವರಿನ ಜನರ ನಡುವೆ ಮೈ ತೂರಿಸಿಕೊಂಡು ದಿನವಿಡೀ ಟಿಕೆಟ್ ಹರಿಯುವವಳು, ಯಾವುದಕ್ಕೂ ಮೂಗು ಮುರಿಯದವಳು. ಗಂಡ ತಟ್ಟೆಯನ್ನು ಎರಡೆರಡು ಸಲ ಒರೆಸುವುದನ್ನು ನೋಡಿ ಬಸ್ಸಿನ ಕೊನೇ ಸೀಟಿಗೆ ಕೇಳುವ ಹಾಗೆ ನಗುತ್ತಿದ್ದಳು. ಅವಳ ನಗುವೊಂದಕ್ಕೆ ಅವನಿಗೆ ಹೇಸಿಗೆಯಾಗುತ್ತಿರಲಿಲ್ಲ. ಮಿಕ್ಕಂತೆ ಲೋಕವೆಲ್ಲ ಅಂಟಂಟು.

ಮಗಳು ಹುಟ್ಟಿದ್ದು ಆಪರೇಷನ್ ಮಾಡಿ. ಆಸ್ಪತ್ರೆಯಲ್ಲಿ ನರ್ಸಮ್ಮ ಬಟ್ಟೆ ಬಿಚ್ಚಿ "ನೋಡಿ, ನಿಮ್ಮ ಮಗಳ ಮೊದಲ ಸಂಪಾದನೆ" ಎಂದು ತೋರಿಸಿದಾಗ ಅವನು ಕಂಡಿದ್ದು ರಸ್ತೆಗೆ ಸುರಿಯುವ ಡಾಂಬರಿನಂಥ ಒಂದು ಪದಾರ್ಥ. ಕಪ್ಪಗೆ, ಮಿರಮಿರ ಮಿನುಗುತ್ತ, ಒರೆಸಿದರೆ ಹೋಗದೆ ಹರಡುವ ಜಾತಿ. ಒರಸಪ್ಪ ಗೋಡೆ ಹಿಡಿದುಕೊಂಡು ಹೊರಗೆ ಹೋದ. ಅವತ್ತಿನಿಂದ ಮಗುವಿನ ಬಟ್ಟೆ ಬಿಚ್ಚುವಾಗಲೆಲ್ಲ ಅವನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ, ಒಣಗಿ ಉದುರಿದ ಹೊಕ್ಕುಳ ತುಣುಕು ಅವನ ದಿಂಬಿನ ಮೇಲೆ ಸಿಕ್ಕಿತು. ಒಣದ್ರಾಕ್ಷಿ ಎಂದುಕೊಂಡು ಎತ್ತಿಕೊಂಡಿದ್ದ. ಏನೆಂದು ತಿಳಿದ ಮೇಲೆ ಆ ದಿನವೆಲ್ಲ ಊಟ ಸೇರಲಿಲ್ಲ.

ಹೆಂಡತಿಯ ಹೊಲಿಗೆಯಲ್ಲಿ ಕೀವಾಗಿ ಜ್ವರ ಹಿಡಿಯಿತು. ಎದೆಹಾಲು ಸಾಲದು, ಮೇಲುಹಾಲು ಕೊಡಿ ಎಂದು ಆಸ್ಪತ್ರೆಯಲ್ಲಿ ಡಬ್ಬಿಯ ಪುಡಿ ಬರೆದುಕೊಟ್ಟರು. ಮಗಳನ್ನೂ ಮೊಮ್ಮಗಳನ್ನೂ ನೋಡಿಕೊಳ್ಳಲು ಅತ್ತೆ ಬಂದಿಳಿದರು. ಒರಸಪ್ಪನ ನಿಜವಾದ ನರಕ ಶುರುವಾಗಿದ್ದು ಆಮೇಲೆಯೇ.

ಅತ್ತೆ ಕೆಟ್ಟವರಲ್ಲ. ನಾಲ್ಕು ಹೆತ್ತು ಸಾಕಿದವರು, ಕೆಲಸಕ್ಕೆ ಬೇಸರಪಡದವರು. ಆದರೆ ಅವರ ಬಾಯಿ ಸುಮ್ಮನಿರುತ್ತಿರಲಿಲ್ಲ. ಮಾತಿನ ಬಾಯಿಯಲ್ಲ, ತುಟಿ ನಾಲಗೆಯ ಬಾಯಿ. ಹಾಲು ಬಿಸಿಯೋ ತಣ್ಣಗೋ ನೋಡಲು ಬಾಟಲಿಯ ರಬ್ಬರನ್ನು ತಾವೇ ಒಂದು ಸಲ ಚೀಪುತ್ತಿದ್ದರು. ಮಗುವಿನ ಕೆನ್ನೆಗೆ ಏನಾದರೂ ಮೆತ್ತಿದರೆ ಹೆಬ್ಬೆರಳಿಗೆ ಎಂಜಲು ಹಚ್ಚಿ ಉಜ್ಜುತ್ತಿದ್ದರು. ಅದನ್ನು ಕಂಡ ಮೇಲೆ ಒರಸಪ್ಪ ಅತ್ತೆ ಅಡುಗೆಮನೆಯಲ್ಲಿದ್ದಾಗ ಆ ಕಡೆ ಹೋಗುವುದನ್ನೇ ಬಿಟ್ಟ. ಬೆಳಿಗ್ಗೆ ಸಂಜೆ ತಾನೇ ಬಾಟಲಿ ಕುದಿಸಿ, ಡಬ್ಬಿಯ ಮೇಲೆ ಬರೆದ ಹಾಗೆ ಹಾಲು ಕಲಸುತ್ತಿದ್ದ. ತಾನು ಅಂಗಡಿಯಲ್ಲಿದ್ದಾಗ ಅತ್ತೆ ಹೇಗೆ ಕಲಸುತ್ತಾರೆಂದು ಕೇಳುವ ಧೈರ್ಯವಾಗಲಿಲ್ಲ. ಕೇಳಿದರೆ ಕೇಳಬಾರದ್ದೇನೋ ಗೊತ್ತಾದೀತೆಂಬ ಭಯ.

ಮೂರನೇ ವಾರದಲ್ಲಿ ಮಗು ಕಕ್ಕ ಮಾಡುವುದನ್ನು ನಿಲ್ಲಿಸಿತು.

ಮೊದಲ ದಿನ ಒರಸಪ್ಪನಿಗೆ ಒಳಗೊಳಗೇ ಖುಷಿಯಾಯಿತು ಎಂದರೆ ಸುಳ್ಳಲ್ಲ. ಮಾರನೇ ದಿನ ಮಗು ಮುಖ ಕೆಂಪು ಮಾಡಿ ತಿಣುಕಿತು. ಅದರ ಮಾರನೇ ದಿನ ಕಾಲು ಹೊಟ್ಟೆಗೆ ಮಡಚಿಕೊಂಡು, ಉಸಿರು ಕಟ್ಟಿದಂತೆ ಕಿರುಚತೊಡಗಿತು. ಹಾಲಿಗೂ ಬಾಯಿ ಸರಿಯಾಗಿ ಕೊಡಲಿಲ್ಲ.

ಅವತ್ತು ಮಧ್ಯಾಹ್ನ ಅವನು ಊಟಕ್ಕೆ ಮನೆಗೆ ಬಂದಾಗ ಒಳಗೊಂದು ಸಭೆ ಸೇರಿತ್ತು. ಹೆಂಡತಿ ಮಂಚದ ಮೇಲೆ ಬಿಳಚಿಕೊಂಡು ಕೂತಿದ್ದಳು. ಅತ್ತೆ ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡಿದ್ದರು. ಪಕ್ಕದಲ್ಲಿ ಮೇಲಿನ ಮಹಡಿಯ ಆಂಟಿ ರವಿಕೆಯ ತೋಳು ಮೇಲೇರಿಸಿಕೊಂಡು ನಿಂತಿದ್ದರು. ಮೀನು ಹೆಚ್ಚುತ್ತಿದ್ದವರು ಹಾಗೇ ಎದ್ದು ಬಂದಿದ್ದರೆಂದು ಬಾಗಿಲಿಗೇ ವಾಸನೆ ಹೇಳುತ್ತಿತ್ತು. ಅವರ ಕೈಯಲ್ಲಿ ಬೆರಳುದ್ದದ ಸೋಪಿನ ಚೂರು.

"ಏನದು?" ಎಂದ ಒರಸಪ್ಪ.

"ಸೋಪು ಅಳಿಯಂದ್ರೇ," ಎಂದರು ಅತ್ತೆ. "ಒಂಚೂರು ಹಿಂದಿನಿಂದ ಇಟ್ರೆ ಜಾರಿಕೊಂಡು ಬಂದುಬಿಡುತ್ತೆ. ನನ್ನ ನಾಲ್ಕಕ್ಕೂ ಹಿಂಗೇ ಮಾಡಿದ್ದು."

"ನಮ್ಮ ಬಚ್ಚಲಿಂದಾನೇ ಕೆತ್ತಿಕೊಂಡು ಬಂದೆ," ಎಂದರು ಆಂಟಿ ಹೆಮ್ಮೆಯಿಂದ. "ನೀವು ಕಾಲು ಹಿಡ್ಕೊಳ್ಳಿ, ಕಣ್ಣು ಮುಚ್ಚಿ ಬಿಡೋದ್ರೊಳಗೆ ಆಗೋಗುತ್ತೆ."

ಒರಸಪ್ಪ ಬಗ್ಗಿ ನೋಡಿದ. ಹಳದಿ ಸೋಪು. ಅದರ ಮೈಯಲ್ಲಿ ಒಂದು ಕೂದಲು ಅರ್ಧ ಹೂತು ಅರ್ಧ ಹೊರಗೆ ಸುರುಳಿ ಸುತ್ತಿಕೊಂಡಿತ್ತು. ತಲೆಯ ಕೂದಲಿರಲಾರದು. ಮೇಲಿನ ಮನೆಯ ಐದು ಜನರಲ್ಲಿ ಯಾರದೋ, ಮೈಯ ಯಾವ ಮೂಲೆಯದೋ.

ಅವನ ಗಂಟಲಿನಿಂದ ಬಂದಿದ್ದು ಮಾತಲ್ಲ, ವಾಕರಿಕೆ. ಆಂಟಿಯ ಕೈಯಿಂದ ಸೋಪನ್ನು ಕಿತ್ತು ಕಿಟಕಿಯಿಂದ ಆಚೆ ಎಸೆದ. ಅದು ಕೆಳಗೆ ನಿಂತಿದ್ದ ಯಾರದೋ ಸ್ಕೂಟರಿನ ಸೀಟಿಗೆ ಬಡಿದ ಸದ್ದು ಕೇಳಿಸಿತು.

"ಏನ್ರೀ ಇದು? ನಾನೇನು ವಿಷ ಹಾಕೋಕೆ ಬಂದಿದ್ನಾ?" ಎಂದರು ಆಂಟಿ.

"ಅದು... ಅದರಲ್ಲಿ... ಥೂ!" ಎಂದ ಅವನು. ಮಗುವಿಗೆ ಸೋಪು ಇಡಬಾರದೆಂಬ ತಿಳಿವಳಿಕೆಯೇನೂ ಅವನಿಗಿರಲಿಲ್ಲ. ಆ ಕೂದಲು ತನ್ನ ಮಗಳ ಒಳಗೆ ಹೋಗುವ ಚಿತ್ರ ಕಣ್ಣ ಮುಂದೆ ಬಂದಿತ್ತು, ಅಷ್ಟೇ. ಆಂಟಿ ಸೆರಗು ಕೊಡವಿಕೊಂಡು ಹೊರಟುಹೋದರು. ಅತ್ತೆ ಮುಖ ತಿರುಗಿಸಿದರು.

"ರೀ," ಎಂದಳು ಹೆಂಡತಿ ಮೆಲ್ಲಗೆ. "ಎಸೆದಿದ್ದಾಯ್ತು. ಇನ್ನು ಮಗೂನ ಎತ್ಕೊಳ್ಳಿ, ಡಾಕ್ಟರ ಹತ್ರ ಹೋಗಿ ಬನ್ನಿ. ನಾನು ಮೆಟ್ಟಿಲು ಇಳಿಯೋ ಸ್ಥಿತೀಲಿಲ್ಲ."

ಅವನು ಎತ್ತಿಕೊಂಡ. ಆಟೋದಲ್ಲಿ ಕೂತಾಗ ಮಗು ಅವನ ಕುತ್ತಿಗೆಯ ಮೇಲೆ ಹುಳಿಹಾಲು ಕಕ್ಕಿತು. ಅದು ಕಾಲರಿನೊಳಗೆ ಇಳಿದು ಬೆನ್ನಿನ ಗುಂಟ ಬೆಚ್ಚಗೆ ಹರಿಯಿತು. ಎರಡೂ ಕೈ ಮಗುವಿನ ಮೇಲಿದ್ದವು. ಒರೆಸಿಕೊಳ್ಳಲು ಮೂರನೆಯದಿರಲಿಲ್ಲ.

ಡಾಕ್ಟರಮ್ಮ ವಯಸ್ಸಾದವರು, ಗಡಸು ದನಿಯವರು. ಮಗುವಿನ ಹೊಟ್ಟೆ ಒತ್ತಿ, ತೂಕ ನೋಡಿ, ಹಿಂದೆ ಮುಂದೆ ಪರೀಕ್ಷಿಸಿ ಕೇಳಿದರು.

"ಕೊನೇ ಸಲ ಮಾಡಿದ್ದು ಹೇಗಿತ್ತು? ಮೆತ್ತಗಿತ್ತಾ, ಗಟ್ಟಿ ಗೋಲಿ ತರಾನಾ?"

"ನೋಡಿಲ್ಲ ಡಾಕ್ಟ್ರೇ."

"ಬಣ್ಣ? ರಕ್ತ ಏನಾದ್ರೂ?"

"ನಾನು ಅದನ್ನೆಲ್ಲ... ಕಣ್ಣು ಮುಚ್ಕೋತೀನಿ."

ಡಾಕ್ಟರಮ್ಮ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. "ಮಾತು ಬರದ ಮಗು ಇದು. ಒಳಗೆ ಏನಾಗ್ತಿದೆ ಅಂತ ಅದು ಬಟ್ಟೇಲೇ ತಾನೇ ಹೇಳೋದು? ನೀವು ಓದಲ್ಲ ಅಂದ್ರೆ ಹೆಂಗೆ? ಫೋನ್ ಮಾಡಿ ಕೇಳಿ."

ಅವನು ಹೆಂಡತಿಗೆ ಫೋನ್ ಮಾಡಿದ. "ಆಡಿನ ಹಿಕ್ಕೆ ತರ," ಎಂದಳು ಅವಳು ತಡಮಾಡದೆ. "ಸಣ್ಣ ಸಣ್ಣದು, ಒಣಕಲು. ರಕ್ತ ಇರ್ಲಿಲ್ಲ." ಅವನು ಆ ಮಾತನ್ನೆಲ್ಲ ಡಾಕ್ಟರಮ್ಮನಿಗೆ ಒಪ್ಪಿಸುವಷ್ಟರಲ್ಲಿ ಹಣೆಯ ಮೇಲೆ ಬೆವರು ಮೂಡಿತ್ತು.

"ಹಾಲು ಯಾರು ಕಲಸೋದು?"

"ನಾನಿದ್ರೆ ನಾನು. ಇಲ್ದಿದ್ರೆ ಅತ್ತೆ."

"ಅತ್ತೆ ಕಲಸೋದನ್ನ ನೋಡಿದೀರಾ?"

ಅದಕ್ಕೂ ಇಲ್ಲವೆನ್ನಬೇಕಾಯಿತು.

"ಹೋಗಿ ನೋಡಿ. ಪುಡಿ ಜಾಸ್ತಿ ಆದ್ರೆ ಮಗು ಹೊಟ್ಟೇಲಿ ಗಾರೆ ಕಲಸಿದ ಹಾಗೆ. ಮೊದಲು ನೀರು ಅಳೆದು ಹಾಕಿ, ಆಮೇಲೆ ಡಬ್ಬೀಲಿರೋ ಚಮಚದಲ್ಲಿ ಮಟ್ಟಸವಾಗಿ ಪುಡಿ. ಸೋಪು, ಹರಳೆಣ್ಣೆ, ಜೇನು, ಬೇರೆ ನೀರು, ಯಾವುದೂ ಬೇಡ." ಅವರು ಮಗುವಿನ ಎರಡೂ ಕಾಲು ಹಿಡಿದು ಸೈಕಲ್ ತುಳಿಸಿ ತೋರಿಸಿದರು. ಅಂಗೈ ಬೆಚ್ಚಗೆ ಮಾಡಿಕೊಂಡು ಹೊಕ್ಕುಳ ಸುತ್ತ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಹಗುರಾಗಿ ಸವರಿದರು. "ಉಗುರು ಬೆಚ್ಚಗಿನ ನೀರಲ್ಲಿ ಸ್ನಾನ ಮಾಡ್ಸಿ, ಹಿಂಗೆ ಮಾಡಿ. ಹೊಟ್ಟೆ ಉಬ್ಬಿ ಬಿಗಿಯಾದ್ರೆ, ಹಸಿರು ವಾಂತಿ ಆದ್ರೆ, ಜ್ವರ ಬಂದ್ರೆ, ರಕ್ತ ಕಂಡ್ರೆ ಒಂದು ನಿಮಿಷ ನಿಲ್ಲಬೇಡಿ, ಎತ್ಕೊಂಡು ಓಡಿ ಬನ್ನಿ. ಏನೂ ಇಲ್ದಿದ್ರೂ ನಾಡಿದ್ದು ತಂದು ತೋರ್ಸಿ. ಮತ್ತೆ, ಕಣ್ಣು ಬಿಟ್ಕೊಂಡು ಮಾಡಿ."

ಮನೆಗೆ ಬಂದವನೇ ಮಗುವನ್ನು ಹೆಂಡತಿಯ ಪಕ್ಕ ಮಲಗಿಸಿ ಅಡುಗೆಮನೆಯ ಬಾಗಿಲಲ್ಲಿ ನಿಂತ. ಅತ್ತೆ ಹಾಲು ಕಲಸುತ್ತಿದ್ದರು. ಚಮಚದಲ್ಲಿ ಪುಡಿಯನ್ನು ಗೋಪುರದಂತೆ ಎತ್ತಿ, ಹೆಬ್ಬೆರಳಿನಿಂದ ಅದುಮಿ, ಅದರ ಮೇಲೆ ಇನ್ನಷ್ಟು ಪೇರಿಸಿ ಬಾಟಲಿಗೆ ಸುರಿದರು. ಬೆರಳನ್ನು ನೆಕ್ಕಿಕೊಂಡು, ಅದೇ ಬೆರಳಿನಿಂದ ಮುಂದಿನ ಚಮಚ ಅದುಮಿದರು. ಲೆಕ್ಕ ಮುಗಿದ ಮೇಲೆ "ಇದು ಅಜ್ಜಿ ಪಾಲಿಂದು" ಎಂದು ತಮಗೆ ತಾವೇ ಹೇಳಿಕೊಂಡು ಇನ್ನೊಂದು ಚಮಚ ಹಾಕಿದರು. ಬಾಟಲಿಯಲ್ಲಿದ್ದದ್ದು ಹಾಲಲ್ಲ, ಅಂಟು.

"ಅತ್ತೇ! ಅದೇನು ಮಾಡ್ತಿದೀರಿ?"

"ನೀರುಹಾಲು ಕುಡಿಸಿ ನೀವು ಮಗೂನ ಒಣಗಿಸ್ತಿದೀರಿ. ಒಂಚೂರು ಮೈ ಹಿಡೀಲಿ ಅಂತ."

"ಅದಕ್ಕೇ ಅದರ ಕರುಳಲ್ಲಿ ಗಾರೆ ಕಟ್ಕೊಂಡಿರೋದು! ಅದರ ಮೇಲೆ ಎಂಜಲು ಬೇರೆ! ಛೀ!"

"ನನ್ನ ಎಂಜಲು ತಿಂದೇ ನಿಮ್ಮ ಹೆಂಡತಿ ದೊಡ್ಡೋಳಾಗಿದ್ದು!" ಅತ್ತೆಯ ದನಿ ಒಡೆಯಿತು. "ನನ್ನ ಮೇಲೆ ಛೀ ಅಂತೀರಾ?"

ಒಳಗಿನಿಂದ ಹೆಂಡತಿ ಕೂಗಿದಳು. "ಅಮ್ಮಾ, ಸಾಕು! ನೀನು ಆ ಬಾಟಲಿ ಚೆಲ್ಲು. ರೀ, ನೀವು ಬಾಯಿ ಮುಚ್ಚಿ. ಇಬ್ಬರಲ್ಲಿ ಯಾರಾದ್ರೂ ಒಬ್ಬರು ಕೈ ತೊಳ್ಕೊಂಡು ಸರಿಯಾಗಿ ಹಾಲು ಕಲಸಿ ತನ್ನಿ, ಮಗು ಹಸ್ಕೊಂಡಿದೆ." ಬಸ್ಸಿನಲ್ಲಿ ಎಷ್ಟು ಜಗಳ ಬಿಡಿಸಿದ್ದಳೋ, ಆ ದನಿಗೆ ಇಬ್ಬರೂ ತೆಪ್ಪಗಾದರು.

ಅಲ್ಲಿಗೆ ಅತ್ತೆ ಅಳಿಯನ ಜೊತೆ ಮಾತು ಬಿಟ್ಟರು. ಒರಸಪ್ಪ ಅಂಗಡಿಗೆ ಬೀಗ ಹಾಕಿ, ಪ್ರತಿ ಬಾಟಲಿಯನ್ನೂ ತಾನೇ ಕಲಸಿದ. ಮಗುವಿಗೆ ಸ್ನಾನ ಮಾಡಿಸಿದ, ಸೈಕಲ್ ತುಳಿಸಿದ, ಹೊಟ್ಟೆ ಸವರಿದ. ಗಾಜು ಹಿಡಿದು ಹಿಡಿದು ಒರಟಾದ ಕೈ. ಮಗುವಿನ ಚರ್ಮ ನೆನೆದ ಕಾಗದದಂತೆ ಜಾರುತ್ತಿತ್ತು. ಕತ್ತಿನ ಮಡಿಕೆಗಳಲ್ಲಿ ಒಡೆದ ಹಾಲು ಬೆವರಿನೊಂದಿಗೆ ಸೇರಿ ಬೆಣ್ಣೆಯಂತೆ ಕೂತಿತ್ತು. ಅದನ್ನು ಬೆರಳಿಂದ ತೆಗೆಯುವಾಗ ಅವನಿಗೆ ಮೈಯೆಲ್ಲ ಮುಳ್ಳೆದ್ದಿತು. ಇಂಥದ್ದರಿಂದಲೇ ಮನುಷ್ಯ ಶುರುವಾಗುತ್ತಾನಲ್ಲ, ತಾನೂ ಹೀಗೇ ಇದ್ದೆನಲ್ಲ ಎಂದು ನೆನೆದು ಇನ್ನಷ್ಟು ಅಸಹ್ಯವಾಯಿತು.

ಮರುದಿನ ಮಧ್ಯಾಹ್ನ ಸೈಕಲ್ ತುಳಿಸುತ್ತಿರುವಾಗ ಮಗು ಒಂದು ಸಲ ಗಟ್ಟಿಯಾಗಿ ಹೂಸು ಬಿಟ್ಟಿತು. ನಾಲ್ಕು ದಿನದ ಹುಳಿ ಒಟ್ಟಿಗೆ ಬಾಗಿಲು ತೆರೆದ ಹಾಗೆ. ಅವನು ಮುಖ ಆಚೆ ಮಾಡಿದ. ಮಗು ಮುಷ್ಟಿ ಬಿಗಿದು, ನೇರಳೆ ಬಣ್ಣಕ್ಕೆ ತಿರುಗಿ ತಿಣುಕಿತು. ಮೊದಲು ಒಂದು ಗಟ್ಟಿ ಬಿರಡೆ ಬಂತು. ಅದರ ಹಿಂದೆಯೇ ಮಿಕ್ಕಿದ್ದೆಲ್ಲ, ಸದ್ದಿನೊಂದಿಗೆ, ಅವನ ಅಂಗೈ ತುಂಬಿ, ಮಣಿಕಟ್ಟು ದಾಟಿ, ಅಂಗಿಯ ತೋಳಿನೊಳಕ್ಕೆ.

"ಅತ್ತೇ! ಅತ್ತೇ, ಬನ್ನಿ ಬೇಗ!"

ಅತ್ತೆ ಬಾಗಿಲಿಗೆ ಬಂದರು. ನೋಡಿದರು. ಕೈ ಕಟ್ಟಿಕೊಂಡು ನಿಂತರು. ಮಾತು ಬಿಟ್ಟ ಮೇಲೆ ಅವರು ಆಡಿದ ಮೊದಲ ಮಾತು ಅದು. "ಊರೆಲ್ಲ ಒರಸಪ್ಪ ಅಂತಾರಲ್ಲ. ಒರೆಸಿ."

ಮಂಚದಿಂದ ಹೆಂಡತಿ ಕೇಳಿದಳು. "ರೀ, ಬಣ್ಣ ಹೆಂಗಿದೆ?"

ಅವನು ಕಣ್ಣು ಬಿಟ್ಟು ನೋಡಿದ. ಬೇಕಾದರೆ ಮುಚ್ಚಬಹುದಿತ್ತು. "ಹಳದಿ... ಹಸಿರು ಹಳದಿ," ಎಂದ. ಮಧ್ಯೆ ಒಂದು ವಾಕರಿಕೆ. "ಮುಂದೆ ಗಟ್ಟಿ. ಹಿಂದೆ ಮೆತ್ತಗೆ. ರಕ್ತ... ಉವ್ವೇ... ಇಲ್ಲ."

ಹೆಂಡತಿ ಹೊಲಿಗೆಯ ಮೇಲೆ ಕೈ ಒತ್ತಿ ಹಿಡಿದು ನಕ್ಕಳು. ನೋವಿಗೆ ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ. ಅತ್ತೆ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡರು. ಅವನು ಮಾತ್ರ ನಗಲಿಲ್ಲ. ಮಗುವನ್ನು ಮುಂದಿನಿಂದ ಹಿಂದಕ್ಕೆ ಒರೆಸಿ, ತೊಳೆದು, ಒಣಗಿದ ಬಟ್ಟೆ ಸುತ್ತಿ ಹೆಂಡತಿಯ ಪಕ್ಕಕ್ಕಿಟ್ಟ. ಆಮೇಲೆ ಬಚ್ಚಲಿಗೆ ಹೋಗಿ ಬೆಳಗಿನದನ್ನೆಲ್ಲ ಕಕ್ಕಿದ. ಅಂಗಿಯನ್ನು ಒಗೆಯಲಿಲ್ಲ, ಕಾಗದದಲ್ಲಿ ಸುತ್ತಿ ಕಸದ ಗಾಡಿಗೆ ಹಾಕಿದ. ಮಗು ಮೂರು ದಿನದಲ್ಲಿ ಮೊದಲ ಸಲ ನೆಮ್ಮದಿಯಾಗಿ ಮಲಗಿತ್ತು.

ಸಂಜೆ ಅತ್ತೆ ಅವನಿಗೆ ಕಾಣುವ ಹಾಗೆ ಅಡುಗೆಮನೆಯ ಬೆಳಕಿನಲ್ಲಿ ನಿಂತು, ಚಾಕುವಿನ ಬೆನ್ನಿನಿಂದ ಚಮಚದ ಪುಡಿಯನ್ನು ಮಟ್ಟ ಮಾಡಿದರು. ಮಾಡಿ, "ಸರಿ ಇದೆಯಾ?" ಎಂದು ಗೋಡೆಯನ್ನು ಕೇಳಿದರು. "ಸರಿ ಇದೆ," ಎಂದ ಅವನು, ಅವನೂ ಗೋಡೆಗೇ.

ಇದೆಲ್ಲ ಆದ ಮೇಲೆ ಒರಸಪ್ಪನ ಹೇಸಿಗೆ ಹೋಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಮಗಳು ಶಾಲೆಗೆ ಹೋಗುವ ತನಕವೂ ಅವಳನ್ನು ತೊಳೆದ, ಒರೆಸಿದ, ಒಂದು ದಿನವೂ ಮುಖ ಸಡಿಲಿಸಲಿಲ್ಲ. ಈಚೆಗೆ ಒಬ್ಬ ಹುಡುಗ, ಹೊಸದಾಗಿ ಅಪ್ಪನಾದವನು, ಫೋಟೋಗೆ ಕಟ್ಟು ಹಾಕಿಸಲು ಅಂಗಡಿಗೆ ಬಂದಿದ್ದ. ಮಗು ಎರಡು ದಿನದಿಂದ ಹೊರಗೆ ಹೋಗಿಲ್ಲ ಸಾರ್, ನಿಮಗೆ ಇದೆಲ್ಲ ಗೊತ್ತಂತಲ್ಲ ಎಂದು ಕೇಳಿದ. ಒರಸಪ್ಪ ಗಾಜನ್ನು ಕೆಳಗಿಟ್ಟ.

"ಹಾಲು ಯಾರು ಕಲಸೋದು ನೋಡಿ. ಡಾಕ್ಟರ ಹತ್ರ ಕರ್ಕೊಂಡು ಹೋಗಿ," ಎಂದ. "ಹೆಚ್ಚಿಗೆ ನನ್ನನ್ನ ಕೇಳಬೇಡಿ. ಈಗ ತಾನೇ ಊಟ ಮಾಡಿದೀನಿ."