ಹನ್ನೊಂದು ಗಂಟೆ ದೂರದ ತಂಗಿ

ಬೆಳಗಿನ ಐದು ಗಂಟೆ. ವಿಮಾನ ಬಂದು ನಿಂತಿದೆ, ಪ್ರಯಾಣಿಕರು ಕಣ್ಣುಜ್ಜಿಕೊಳ್ಳುತ್ತ ಇಳಿಯುತ್ತಿದ್ದಾರೆ. ಹಿಂಬಾಗಿಲಿನಿಂದ ಪೊರಕೆ, ಬಕೆಟ್ಟು, ಕಸದ ಚೀಲ ಹಿಡಿದು ಒಳನುಗ್ಗುವವರಲ್ಲಿ ಎಲ್ಲರಿಗಿಂತ ಮುಂದಿರುವವರು ದಪ್ಪ ಕನ್ನಡಕದ ಈ ಹೆಂಗಸು. ಇಲ್ಲಿ ಎಲ್ಲರಿಗೂ ಅವರು ಅಕ್ಕ. ಮೇಲಧಿಕಾರಿಗೂ ಅಕ್ಕನೇ.

ಸೀಟಿನ ಸಂದಿಯಲ್ಲಿ ಬಿಸ್ಕತ್ತಿನ ಪುಡಿ, ಒಂಟಿ ಕಾಲುಚೀಲ, ಒಮ್ಮೆಯಂತೂ ಯಾರದೋ ಹಲ್ಲಿನ ಸೆಟ್ಟು! "ಊಟ ಮುಗಿಸಿ ಹಲ್ಲು ಬಿಟ್ಟು ಹೋಗಿದ್ದಾರೆ, ಮನೇಲಿ ಏನು ತಿಂತಾರೋ ಪಾಪ," ಎಂದು ಅಕ್ಕ ನಗುತ್ತಾರೆ. ನಕ್ಕರೂ ಕೈ ನಿಲ್ಲುವುದಿಲ್ಲ. ಮುಕ್ಕಾಲು ಗಂಟೆಯಲ್ಲಿ ಮುನ್ನೂರು ಸೀಟು ಹಸನಾಗಬೇಕು.

ಎಲ್ಲ ಮುಗಿದ ಮೇಲೆ ಅವರು ಹಿಂದಿನ ಕಪಾಟು ತೆರೆಯುತ್ತಾರೆ. ಹೆಚ್ಚುವರಿ ಹೊದಿಕೆಗಳ ಕಪಾಟು ಅದು. ತಳದ ಹೊದಿಕೆಯನ್ನು ಯಾರೂ ಮುಟ್ಟುವುದಿಲ್ಲ, ಅಕ್ಕ ಮಾತ್ರ ಮುಟ್ಟುತ್ತಾರೆ.

ಈ ವಿಮಾನ ಬರುವುದು ಒಂಬತ್ತು ಸಾವಿರ ಕಿಲೋಮೀಟರು ಆಚೆಯ ನಗರದಿಂದ, ಹನ್ನೊಂದು ಗಂಟೆ ಹಾರಿ. ಮದುವೆಯಾಗಿ ಅಲ್ಲಿಗೆ ಹೋದ ಅವರ ತಂಗಿಗೂ ಅಲ್ಲಿನ ನಿಲ್ದಾಣದಲ್ಲಿ ಇದೇ ಕೆಲಸ. ಅವಳು ಗುಡಿಸಿ ಕಳಿಸಿದ ವಿಮಾನವನ್ನೇ ಇವರು ಇಲ್ಲಿ ಗುಡಿಸುವುದು. ಆದರೆ ಇಬ್ಬರಿಗೂ ಮಾತೇ ಬಿಟ್ಟುಹೋಗಿತ್ತು. ತಾಯಿ ತೀರಿಕೊಂಡಾಗ ರಜೆ ಸಿಗದೆ ತಂಗಿ ನಾಲ್ಕನೇ ದಿನ ಬಂದಳು. "ಈಗ್ಯಾಕೆ ಬಂದೆ ಅಂದ್ಬಿಟ್ಟೆ, ಬಾಗಿಲಲ್ಲೇ. ನನ್ನ ನಾಲಿಗೆ ಸೇದಿಹೋಗ!" ಅಕ್ಕ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಆ ತಳದ ಹೊದಿಕೆ ಕಣ್ಣಿಗೆ ಬಿತ್ತು: ಮೂರು ಮಡಿಕೆ, ಬಲತುದಿ ಒಳಗೆ ಸಿಕ್ಕಿಸಿದ್ದು. ಅವರ ತಾಯಿ ಮಡಚುತ್ತಿದ್ದುದೇ ಹಾಗೆ. "ಇದು ಅವಳದೇ ಕೈ ಅಂತ ಗೊತ್ತಾಯ್ತು. ನಾನೂ ಹಂಗೇ ಮಡಚಿದೆ. ನೋಡಿದ್ದೀನಿ ಅಂತ ಗೊತ್ತಾಗ್ಲಿ ಅಂತ ಎಡತುದಿ ಸಿಕ್ಕಿಸ್ದೆ." ಮರುದಿನ ಅದು ಬಲತುದಿಯಾಗಿ ಬಂತು. ಅಂದಿನಿಂದ ಅಕ್ಕನದು ಎಡ, ತಂಗಿಯದು ಬಲ. ಫೋನು ಮಾತ್ರ ಯಾರೂ ಮಾಡಲಿಲ್ಲ, ಬಿಗುಮಾನ ಬಿಡಬೇಕಲ್ಲ!

ಮೂರು ತಿಂಗಳ ಹಿಂದೆ ನಾಲ್ಕು ದಿನ ಎಡತುದಿ ಇದ್ದ ಹಾಗೆಯೇ ವಾಪಸು ಬಂತು. ಐದನೇ ದಿನ ಅಕ್ಕ ವಿಮಾನದ ಮೆಟ್ಟಿಲ ಮೇಲೆ ಕೂತು ತಂಗಿಗೆ ಫೋನು ಮಾಡಿದರು.

"ಯಾಕೇ, ಮೈಗೆ ಹುಷಾರಿಲ್ವೇನೇ?"

"ಜಾರಿ ಬಿದ್ದು ಕೈ ಮುರ್ಕೊಂಡೆ, ಅಕ್ಕ. ಮಡಚೋಕೆ ಹೋಗೋಕೇ ಆಗ್ಲಿಲ್ಲ."

ಆಮೇಲೆ ಇಬ್ಬರೂ ಅತ್ತಿದ್ದೇ ಅತ್ತಿದ್ದು. "ವಿಮಾನಕ್ಕೆ ಹನ್ನೊಂದು ಗಂಟೆ ದಾರಿ. ನಮಗೆ ಎರಡು ವರ್ಷ ಹಿಡೀತು ನೋಡಿ," ಎನ್ನುತ್ತಾರೆ ಅಕ್ಕ.

ಇಷ್ಟು ವರ್ಷ ವಿಮಾನ ಗುಡಿಸಿದವರು ಒಮ್ಮೆಯೂ ಹಾರಿಲ್ಲ. ಈಗ ನೌಕರರ ರಿಯಾಯಿತಿ ಟಿಕೆಟ್ಟಿಗೆ ಹೆಸರು ಕೊಟ್ಟಿದ್ದಾರೆ. ಅಷ್ಟು ಹೊತ್ತು ಕೂತು ಏನು ಮಾಡುತ್ತೀರಿ ಎಂದರೆ ಪೊರಕೆ ಕಂಕುಳಿಗೆ ಸಿಕ್ಕಿಸಿಕೊಂಡು ಯೋಚಿಸುತ್ತಾರೆ.

"ಒಂದು ಚೂರೂ ಕಸ ಬೀಳಿಸದೆ ಕೂತ್ಕೋತೀನಿ. ಇಳಿಯೋ ಮುಂಚೆ ನನ್ನ ಸಾಲು ನಾನೇ ಒರೆಸ್ತೀನಿ. ಆಮೇಲೆ ಗುಡಿಸೋಕೆ ಬರೋಳು ಅವಳೇ ಅಲ್ವಾ? ಕೈ ಇನ್ನೂ ನೋಯುತ್ತಂತೆ."