ದ್ವಾದಶಿಯ ದಿನ ವೈಭವಿ ಕೇಳಿದ ಪ್ರಶ್ನೆ

ಭಕ್ತ ಬಂಧುಗಳೇ, ಆ ದಿನ ನಿಜಕ್ಕೂ ಏನು ನಡೆಯಿತೆಂಬುದು ನನಗೆ ಪೂರ್ತಿ ಖಚಿತವಿಲ್ಲ. ನನ್ನ ನೆನಪಿನಲ್ಲಿ ಮಗಳು ವೈಭವಿ ಕನ್ನಡದಲ್ಲಿ ಮಾತಾಡುತ್ತಾಳೆ. ಅಲ್ಲಿದ್ದ ನರ್ಸ್, ಅವಳು ಮಾತಾಡಿದ್ದು ತಮಿಳಿನಲ್ಲಿ ಎನ್ನುತ್ತಾರೆ. ನರ್ಸ್ ಹೇಳುವುದೇ ಸರಿಯಿರಬೇಕು. ಚೆನ್ನೈನಲ್ಲೇ ಹುಟ್ಟಿ ಓದಿದ ಅವಳು ನಾವು ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲಿ ಉತ್ತರ ಕೊಡುವವಳು. ಒಂದು ವಾಕ್ಯವನ್ನೇ ಸರಿಯಾಗಿ ಇಟ್ಟುಕೊಳ್ಳಲಾರದ ನೆನಪನ್ನು ಉಳಿದದ್ದಕ್ಕೆ ಎಷ್ಟು ನಂಬುವುದು? ನಾನು ಭೌತಶಾಸ್ತ್ರ ಓದಿ ವಿಮಾ ಕಚೇರಿ ಸೇರಿದವನು. ಮಠಕ್ಕೆ ಹೋದರೂ ಅಮ್ಮನ ಚೀಲ ಹಿಡಿದುಕೊಳ್ಳಲು ಹೋಗುತ್ತಿದ್ದವನು. ತಿಳಿದದ್ದನ್ನು ತಿಳಿದಷ್ಟೇ ಬರೆಯುತ್ತೇನೆ.

ಕಳೆದ ವರ್ಷ ವೈಭವಿ ಹನ್ನೆರಡನೇ ತರಗತಿಯಲ್ಲಿದ್ದಳು. ಅವಳಿಗೆ ಇಷ್ಟದ ವಿಷಯ ಕಂಪ್ಯೂಟರ್ ಸೈನ್ಸ್. ತ್ರಿಪ್ಲಿಕೇನಿನ ನಮ್ಮ ಮನೆಯ ಮುಂಗೋಣೆಯಲ್ಲಿ ಕೂತು ಪೈಥಾನ್ ಪ್ರೋಗ್ರಾಂಗಳನ್ನು ಕಂಪ್ಯೂಟರಿಲ್ಲದೆ, ಪೆನ್ಸಿಲ್ ಹಿಡಿದು ಸಾಲುಸಾಲಾಗಿ ನಡೆಸಿ ನೋಡುತ್ತಿದ್ದಳು. ಪರೀಕ್ಷೆಯಲ್ಲಿ ಉತ್ತರ ಕಾಗದದ ಮೇಲೆಯೇ ಬರಬೇಕಲ್ಲ. ನಾನು ಪುಸ್ತಕ ಹಿಡಿದು ಓದಿ ಹೇಳಬೇಕು, ಅವಳು ಬರೆಯಬೇಕು. ಎರಡು ಸಾಲಿಗೊಮ್ಮೆ ತಡೆದು ಏನಾದರೂ ಕೇಳುತ್ತಿದ್ದಳು. ಅಡುಗೆಮನೆಯಿಂದ ಅಮ್ಮ, "ಏನೇ, ನೀನು ಹುಟ್ಟಿದ್ದೇ ಪ್ರಶ್ನೆ ಕೇಳೋಕೇನೇ? ನಿಮ್ಮಪ್ಪನಿಗೆ ಉಸಿರಾಡೋಕಾದ್ರೂ ಬಿಡು" ಎನ್ನುತ್ತಿದ್ದಳು.

"ಪಾಟಿ, ಅಪ್ಪಾವುಕ್ಕು ಒಣ್ಣುಮೇ ತೆರಿಯಲೆ" ಎಂದು ಇವಳು. ಅಜ್ಜೀ, ಅಪ್ಪನಿಗೆ ಏನೂ ಗೊತ್ತಿಲ್ಲ, ಎಂದು.

ಪೊಂಗಲ್ ರಜೆ ಮುಗಿದ ವಾರ ಜ್ವರ ಬಂತು. ಮೊದಲು ಮಾತ್ರೆ ಕೊಟ್ಟೆವು. ಮೂರನೆಯ ದಿನ ಅವಳು ತನ್ನ ಅಮ್ಮನನ್ನು ನೋಡಿ "ಯಾರು ನೀವು?" ಎಂಬಂತೆ ಮುಖ ಮಾಡಿದಳು, ಸಂಜೆಯೊಳಗೆ ಕೈಕಾಲು ಸೆಟೆದು ಅದುರತೊಡಗಿದವು. ಅಣ್ಣಾ ನಗರದ ಆಸ್ಪತ್ರೆಯಲ್ಲಿ ಮಿದುಳಿನ ಉರಿಯೂತ ಎಂದರು. ಐಸಿಯುನಲ್ಲಿ ಗಂಟಲಿಗೆ ಕೊಳವೆ ಹಾಕಿದ್ದರು. ದಿನಕ್ಕೆ ಎರಡು ಸಲ, ಒಬ್ಬೊಬ್ಬರಾಗಿ ಒಳಗೆ ಬಿಡುತ್ತಿದ್ದರು. ನಾನು ಹೋದಾಗಲೆಲ್ಲ ಅವಳ ಮುಖ ನೋಡದೆ ಮಾನಿಟರಿನ ಅಂಕಿಗಳನ್ನೇ ನೋಡಿ ಬರುತ್ತಿದ್ದೆ.

ಕೊಳವೆ ತೆಗೆದು ವಾರ್ಡಿಗೆ ತಂದ ಮೇಲೆ ಗೆದ್ದೆವು ಎಂದುಕೊಂಡೆವು. ಗೆದ್ದಿರಲಿಲ್ಲ. ಕಣ್ಣು ತೆರೆದಿರುತ್ತಿತ್ತು; ಕೊಟ್ಟದ್ದನ್ನು ನುಂಗುತ್ತಿದ್ದಳು. ಮಾತಿಲ್ಲ. ನಮ್ಮ ಗುರುತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ದೊಡ್ಡ ಡಾಕ್ಟರು, "ಕೆಲವರು ಪೂರ್ತಿ ವಾಪಸ್ ಬರ್ತಾರೆ, ಕೆಲವರು ಸ್ವಲ್ಪ. ಈಗಲೇ ಹೇಳಕ್ಕಾಗಲ್ಲ" ಎಂದರು. ಪಕ್ಕದ ಹಾಸಿಗೆಯಲ್ಲಿ ಅದೇ ಕಾಯಿಲೆಯ ಒಬ್ಬ ಗೃಹಿಣಿ ಇದ್ದರು. ಒಂದು ಬೆಳಿಗ್ಗೆ ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಆ ಹಾಸಿಗೆಗೆ ಹೊಸ ಚಾದರ ಹಾಸುತ್ತಿದ್ದರು. ಆಕೆಯ ಗಂಡ ಹೊರಗಿನ ಕುರ್ಚಿಯಲ್ಲಿ ಆಕೆಯ ಚಪ್ಪಲಿ ಹಿಡಿದು ಕೂತಿದ್ದರು. ಅವರನ್ನು ಮಾತಾಡಿಸಲು ನನಗೆ ಧೈರ್ಯ ಬರಲಿಲ್ಲ.

ಶಾಲೆಯಿಂದ ಹಾಲ್ ಟಿಕೆಟ್ ಬಂದಿದೆ ಎಂದು ಫೋನ್ ಬಂತು. ನಮ್ಮಲ್ಲಿ ಪರೀಕ್ಷೆಯ ಮುಂಚೆ ಮಕ್ಕಳ ಹಾಲ್ ಟಿಕೆಟ್ಟು, ಪೆನ್ನುಗಳನ್ನು ಮಠದಲ್ಲಿ ಹಯಗ್ರೀವ ದೇವರ ಮುಂದಿಟ್ಟು ಸಂಕಲ್ಪ ಮಾಡಿಸುವುದು ನಿಮಗೆ ಗೊತ್ತೇ ಇದೆ. ಏಕಾದಶಿಯ ದಿನ, ಉಪವಾಸದಲ್ಲಿದ್ದ ಅಮ್ಮ, ನಾಳೆ ದ್ವಾದಶಿ, ಬೆಳಿಗ್ಗೆಯೇ ಮಠಕ್ಕೆ ಹೋಗುತ್ತೇನೆ ಎಂದಳು.

"ಯಾಕಮ್ಮಾ? ಅವಳು ಪರೀಕ್ಷೆ ಬರೆಯೋ ಸ್ಥಿತೀಲಿದಾಳಾ? ನಿನ್ನ ದೇವರಿಗೆ ಪೈಥಾನ್ ಸಿಲಬಸ್ ಗೊತ್ತಾ?"

"ಗೊತ್ತಿಲ್ದಿದ್ರೆ ನೀನೇ ಹೋಗಿ ಹೇಳ್ಕೊಡೋ, ದೊಡ್ಡ ಎಂ.ಎಸ್ಸಿ." ಆಮೇಲೆ ದನಿ ಇಳಿಸಿ, "ಶ್ರೀನಿ, ನಾನು ಬರೋವರ್ಗೂ ಅವಳ ಪಕ್ಕ ಕೂತು ಪಾರಾಯಣ ಮಾಡು ಕಣೋ" ಎಂದಳು.

"ನಂಗೆ ಒಂದು ಶ್ಲೋಕಾನೂ ನೆನಪಿಲ್ಲ."

"ಏನಾದ್ರೂ ಓದು. ಕಿವಿಗೆ ನಿನ್ನ ದನಿ ಬೀಳ್ತಿರ್ಲಿ."

ಮರುದಿನ ಬೆಳಿಗ್ಗೆ ಹೆಂಡತಿ ಸ್ನಾನಕ್ಕೆಂದು ಮನೆಗೆ ಹೋದಳು. ನಾನು ಮಗಳ ಶಾಲೆಯ ಚೀಲದಲ್ಲಿದ್ದ ಕಂಪ್ಯೂಟರ್ ಸೈನ್ಸ್ ಪುಸ್ತಕ ತೆರೆದೆ. ಓದಲು ಬೇರೇನೂ ಇರಲಿಲ್ಲ. ಪಟ್ಟಿಯೊಂದರಲ್ಲಿ ಒಂದು ಸಂಖ್ಯೆಯನ್ನು ಹುಡುಕುವ ಚಿಕ್ಕ ಪ್ರೋಗ್ರಾಂ. ಅದನ್ನೇ ಅಷ್ಟೋತ್ತರ ಹೇಳುವವರ ಹಾಗೆ ಒಂದೇ ಧಾಟಿಯಲ್ಲಿ, ಮತ್ತೆ ಮತ್ತೆ ಓದಿದೆ. ಫಾರ್ ಐ ಇನ್ ಎಲ್. ಇಫ್ ಐ ಈಸ್ ಈಕ್ವಲ್ ಟು ಎಕ್ಸ್. ರಿಟರ್ನ್ ಟ್ರೂ. ರಿಟರ್ನ್ ಫಾಲ್ಸ್. ಬಾಯಿ ಓದುತ್ತಿತ್ತು, ಮನಸ್ಸು ಆ ಚಪ್ಪಲಿ ಹಿಡಿದು ಕೂತವರ ಹತ್ತಿರ ಇತ್ತು.

ಪೈಥಾನ್ ಗೊತ್ತಿಲ್ಲದವರಿಗೆ ಒಂದು ಮಾತು: ಅದರಲ್ಲಿ ಸಾಲು ಅಂಚಿನಿಂದ ಎಷ್ಟು ಒಳಗೆ ಶುರುವಾಗುತ್ತದೆ ಎಂಬುದಕ್ಕೂ ಅರ್ಥವಿದೆ. 'ರಿಟರ್ನ್ ಫಾಲ್ಸ್' ಎಂಬ ಕೊನೆಯ ಸಾಲು ಹುಡುಕಾಟದ ಸುತ್ತಿನ ಒಳಗಿದ್ದರೆ, ಪಟ್ಟಿಯ ಮೊದಲ ಸಂಖ್ಯೆ ಅದಲ್ಲದಿದ್ದರೆ ಪ್ರೋಗ್ರಾಂ ಅಷ್ಟಕ್ಕೇ 'ಇಲ್ಲ' ಎಂದು ಕೈಚೆಲ್ಲುತ್ತದೆ. ಹೊರಗಿದ್ದರೆ ಕೊನೆಯವರೆಗೂ ಹುಡುಕಿ, ಆಮೇಲಷ್ಟೇ ಇಲ್ಲ ಎನ್ನುತ್ತದೆ. ಮಂತ್ರದ ಹಾಗೆ ಗಟ್ಟಿಯಾಗಿ ಓದಿದರೆ ಈ ವ್ಯತ್ಯಾಸ ಕೇಳಿಸುವುದಿಲ್ಲ. ಮನೆಯಲ್ಲೂ ನಾನು ಹೀಗೇ ಓದಿ ಬೈಸಿಕೊಳ್ಳುತ್ತಿದ್ದೆ.

ಎಷ್ಟನೇ ಸಲವೋ ಗೊತ್ತಿಲ್ಲ, "ರಿಟರ್ನ್ ಫಾಲ್ಸ್" ಎಂದೆ. ಹಾಸಿಗೆಯಿಂದ ಒಣಗಿದ, ಹರಿದ ದನಿ ಬಂತು.

"ಅಪ್ಪಾ... ಅದು ಉಳ್ಳೆಯಾ, ವೆಳಿಯೆಯಾ?"

ಅದು ಒಳಗಾ, ಹೊರಗಾ.

ಡ್ರಿಪ್ ಬದಲಿಸುತ್ತಿದ್ದ ಸೆಲ್ವಿ ಸಿಸ್ಟರ್, "ಸಾರ್! ಪಾಪ್ಪಾ ಪೇಸಿಡುಚ್ಚು! ಬದಿಲ್ ಸೊಲ್ಲುಂಗ ಸಾರ್!" ಎಂದು ಕೂಗಿದರು. ಮಗು ಮಾತಾಡಿತು, ಉತ್ತರ ಹೇಳಿ ಎಂದು. "ಹೊರಗೆ ಕಣೇ, ಹೊರಗೆ" ಎಂದೆ. ಅವಳು ಕಣ್ಣು ಮುಚ್ಚಿಕೊಂಡಳು. ಆ ದಿನ ಮತ್ತೆ ಮಾತಾಡಲಿಲ್ಲ.

ಅಮ್ಮ ಪ್ರಸಾದದ ಡಬ್ಬಿ ಹಿಡಿದು ಬಂದಾಗ ನಾನು ವಾರ್ಡಿನ ಬಾಗಿಲಲ್ಲಿ ಅಳುತ್ತಿದ್ದೆನಂತೆ. ನನಗದು ನೆನಪಿಲ್ಲ. ಡಬ್ಬಿಯಲ್ಲಿದ್ದ ಕಡಲೆಬೇಳೆ, ಬೆಲ್ಲದ ಸಿಹಿಗೂ ಹಯಗ್ರೀವ ಎಂದೇ ಹೆಸರು. ಅದರ ತುಪ್ಪದ ವಾಸನೆ ಮಾತ್ರ ನೆನಪಿದೆ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ವರ್ಷದ ಪರೀಕ್ಷೆ ಹೋಯಿತು. ಗೆಳತಿಯರೆಲ್ಲ ಕಾಲೇಜು ಸೇರಿದರು. ಎಡಗೈ ಬೆರಳುಗಳು ಇನ್ನೂ ಪೂರ್ತಿ ಮಡಚುವುದಿಲ್ಲ. ಕೆಲವು ಪದಗಳು ಬಾಯಿಗೆ ಬರದೆ ಅವಳು ಗೋಡೆ ನೋಡುತ್ತ ನಿಲ್ಲುತ್ತಾಳೆ; ಆಗ ನಾವು ಯಾರೂ ಆ ಪದವನ್ನು ಹೇಳಿಕೊಡುವುದಿಲ್ಲ, ಕಾಯುತ್ತೇವೆ. ಈಗ ಮತ್ತೆ ಅದೇ ಪುಸ್ತಕ ಓದುತ್ತಿದ್ದಾಳೆ. ಹಿಂದೆ ಒಂದು ಗಂಟೆಯಲ್ಲಿ ಮುಗಿಸುತ್ತಿದ್ದ ಪಾಠಕ್ಕೆ ಎರಡು ದಿನ ಬೇಕು.

ಇಂಥ ಕಾಯಿಲೆಯಲ್ಲಿ ಮಾತು ಹೀಗೆ ಇದ್ದಕ್ಕಿದ್ದಂತೆ ಮರಳುವುದುಂಟು ಎಂದು ಡಾಕ್ಟರು ಹೇಳಿದರು. ಅದು ತಪ್ಪು ಎಂದು ನಾನು ಹೇಳುವುದಿಲ್ಲ. ಅವರಿಗೂ ಸೆಲ್ವಿ ಸಿಸ್ಟರಿಗೂ ಕೈಮುಗಿಯುತ್ತೇನೆ. ಆದರೆ ಮನೆಗೆ ಬಂದ ಮೇಲೆ ಅಮ್ಮ ಒಂದು ಮಾತು ಹೇಳಿದಳು: "ನಾನು ಪರೀಕ್ಷೆ ಬೇಡ್ಲೇ ಇಲ್ಲ ಕಣೋ. ಬೇಡಿದ್ದೇ ಬೇರೆ, ಸಿಕ್ಕಿದ್ದೂ ಅದೇ." ಏನೆಂದು ಕೇಳಿದೆ, ಹೇಳಿದಳು. ನಾನು ನಂಬಲಿಲ್ಲ. ನಡೆದುಹೋದದ್ದಕ್ಕೆ ತಕ್ಕಂತೆ ನೆನಪು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ; ನನ್ನದೇ ಹಾಗೆ ಮಾಡಿತ್ತು. ಅಮ್ಮನದೂ ಮಾಡಿರಬಹುದಲ್ಲ?

ಅಮ್ಮನಿಗೆ ತಿಳಿಸದೆ ಮಠಕ್ಕೆ ಹೋದೆ. ಅರ್ಚಕರಿಗೆ ಯಾವ ಸುಳಿವೂ ಕೊಡದೆ, ಆ ದ್ವಾದಶಿಯ ದಿನ ಅಮ್ಮ ಏನು ಸಂಕಲ್ಪ ಮಾಡಿಸಿದಳು ಎಂದಷ್ಟೇ ಕೇಳಿದೆ. ಮಗಳು ಮಾತಾಡಿದ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ.

"ಅದನ್ನ ಮರೆಯೋಕಾಗತ್ತಾ ಸ್ವಾಮಿ?" ಎಂದರು ಅವರು. "ದ್ವಾದಶಿ, ಬೆಳಗಾಗೋಕೆ ಮುಂಚೆ ಪೂಜೆ. ಎಲ್ರೂ ಹಾಲ್ ಟಿಕೆಟ್ ತಂದು ಮಾರ್ಕು, ರ‍್ಯಾಂಕು ಅಂತಿದ್ರು. ನಿಮ್ಮ ತಾಯಿ ಬರಿಗೈಲಿ ನಿಂತಿದ್ರು. ವಿದ್ಯಾಪ್ರಾಪ್ತಿ ಅಂತ ಹೇಳ್ಲಾ ಅಂದೆ. ಬೇಡ ಆಚಾರ್ರೇ, ಮಗು ಬಾಯಿಬಿಟ್ಟು ಒಂದು ಪ್ರಶ್ನೆ ಕೇಳ್ಲಿ, ಒಂದೇ ಒಂದು, ಅಂತ ಹೇಳಿ ಅಂದ್ರು. ಹಾಗೇ ಹೇಳ್ದೆ."